‘ಹು’ ಅಂದರೆ ಯಾರು? ಒಂದು ಚೀನೀ ಅಕ್ಷರ ಮತ್ತು ಅದರ ಪರದೇಶಿಗಳು

ಚೀನೀ ಭಾಷೆಯಲ್ಲಿ ಕಾಳುಮೆಣಸಿಗೆ ‘ಹುಜಿಯಾವ್’ ಎನ್ನುತ್ತಾರೆ. ‘ಜಿಯಾವ್’ ಎಂದರೆ ಅಲ್ಲಿನ ಗುಡ್ಡಗಳಲ್ಲಿ ಮೊದಲಿಂದಲೂ ಇದ್ದ, ನಾಲಿಗೆ ಜುಮ್ಮೆನ್ನಿಸುವ ಒಂದು ಕಾಯಿ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಳದ ದಾಯಾದಿ. ಅದರ ಹಿಂದೆ ಕೂತ ‘ಹು’ ಅಕ್ಷರಕ್ಕೆ ಇಲ್ಲಿ ‘ಪರದೇಶಿ’ ಎಂದರ್ಥ. ಪರದೇಶದ ಜಿಯಾವ್, ಹುಜಿಯಾವ್. ಇಷ್ಟಕ್ಕೇ ಮುಗಿಯುವಂತಿದ್ದರೆ ಈ ಅಕ್ಷರದ ಮೇಲೆ ಲೇಖನ ಬೇಕಿರಲಿಲ್ಲ. ಇದೇ ಅಕ್ಷರ ಪಿಟೀಲಿನಂಥ ವಾದ್ಯದ ಹೆಸರಿನಲ್ಲಿದೆ, ಗಡ್ಡದ ಹೆಸರಿನಲ್ಲಿದೆ, ಬೀಜಿಂಗಿನ ಓಣಿಗಳ ಹೆಸರಿನಲ್ಲಿದೆ, ಚೀನಾದ ಮಾಜಿ ಅಧ್ಯಕ್ಷ ಹು ಜಿಂಟಾವೊ ಅವರ ಮನೆತನದ ಹೆಸರೂ ಅದೇ. ‘ಬಾಯಿಗೆ ಬಂದಂತೆ ಮಾತಾಡುವುದು’ ಎನ್ನಲೂ ಇದನ್ನೇ ಬಳಸುತ್ತಾರೆ. ಇವೆಲ್ಲದರಲ್ಲೂ ಪರದೇಶಿ ಇದ್ದಾನೆಯೆ? ಇಲ್ಲ. ಇರುವ ಕಡೆಗಳಲ್ಲಾದರೂ ಅವನು ಒಬ್ಬನೇ ಪರದೇಶಿಯೆ? ಅದೂ ಅಲ್ಲ. ಕಾಲಕ್ಕೊಬ್ಬ.

ಹಳೆಯ ಚೀನೀ ಬರಹಗಳನ್ನು ಅನುವಾದದಲ್ಲಿ ಓದುವವರು ಎಡವುವುದು ಇಲ್ಲೇ. ಒಂದು ವಾಕ್ಯದಲ್ಲಿ ‘ಹು’ ಬಂದರೆ ಮೂರು ಸಂಗತಿ ವಿಚಾರಿಸಬೇಕು: ಬರಹ ಯಾವ ಕಾಲದ್ದು, ಪಕ್ಕದಲ್ಲಿರುವ ಪದ ಯಾವುದು, ಕೈಯಲ್ಲಿರುವ ಪ್ರತಿ ಯಾವಾಗ ಅಚ್ಚಾದದ್ದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ.

ದನದ ಗಂಗೆದೊಗಲು

ಅಕ್ಷರ ಬರೆಯಲು ಒಂಬತ್ತು ಗೆರೆ ಸಾಕು. ಎಡಗಡೆ ಐದು ಗೆರೆಗಳ ‘ಗು’: ಮೇಲೊಂದು ಶಿಲುಬೆ, ಕೆಳಗೊಂದು ಚೌಕ. ಬಿಡಿಯಾಗಿ ನಿಂತರೆ ಅದಕ್ಕೆ ‘ಹಳೆಯದು’ ಎಂಬ ಅರ್ಥ, ಇಲ್ಲಿ ಉಚ್ಚಾರಣೆ ಸೂಚಿಸುವುದಷ್ಟೇ ಅದರ ಕೆಲಸ. ಬಲಗಡೆಯ ನಾಲ್ಕು ಗೆರೆಗಳು ನೋಡಲು ‘ಚಂದ್ರ’ನ ಹಾಗಿದ್ದರೂ ಅದು ‘ಮಾಂಸ’ದ ಕಿರುರೂಪ. ಹಾಗಾಗಿ ನಿಘಂಟಿನಲ್ಲಿ ಇದನ್ನು ಮಾಂಸದ ವರ್ಗದಲ್ಲಿ ಹುಡುಕಬೇಕು. ಚಂದ್ರನಲ್ಲಿ ಹುಡುಕಿ ಸಿಗಲಿಲ್ಲವೆಂದು ಕಲಿಯುವವರು ಗೋಳಾಡುವುದುಂಟು.

ಕ್ರಿ.ಶ. 100ರ ಸುಮಾರಿಗೆ ಶು ಶೆನ್ ಎಂಬ ವಿದ್ವಾಂಸ ಕಟ್ಟಿದ ಕೋಶದಲ್ಲಿ ಈ ಅಕ್ಷರಕ್ಕೆ ಕೊಟ್ಟ ಅರ್ಥ: ದನದ ಗದ್ದದ ಕೆಳಗೆ ಜೋತಾಡುವ ಚರ್ಮ. ಕನ್ನಡದಲ್ಲಿ ಅದಕ್ಕೆ ಗಂಗೆದೊಗಲು ಎಂಬ ಅಚ್ಚುಕಟ್ಟಾದ ಪದವೇ ಇದೆ. ಪ್ರಾಚೀನ ಚೀನೀ ಪದ್ಯವೊಂದರಲ್ಲಿ ತೋಳವೊಂದು ಮುಂದೆ ಹೋದರೆ ತನ್ನ ‘ಹು’ವನ್ನು ತಾನೇ ತುಳಿಯುತ್ತದೆ, ಹಿಂದೆ ಸರಿದರೆ ಬಾಲವನ್ನು ಎಡವುತ್ತದೆ. ಅಲ್ಲಿ ‘ಹು’ವನ್ನು ‘ಪರದೇಶಿ’ ಎಂದು ಅನುವಾದಿಸಿದರೆ ತೋಳ ಪಾಪ ಯಾರನ್ನೋ ತುಳಿದಂತಾಗುತ್ತದೆ.

ಜೋತಾಡುವುದು ಎಂಬ ಅರ್ಥದಿಂದಲೇ ಆಯುಧದ ಒಂದು ಭಾಗಕ್ಕೂ ಈ ಹೆಸರು ಬಂತು. ಪ್ರಾಚೀನ ಚೀನಾದ ಕಾಲಾಳುಗಳ ಮುಖ್ಯ ಆಯುಧ ಉದ್ದ ಕೋಲಿಗೆ ಅಡ್ಡಲಾಗಿ ಕಟ್ಟಿದ ಕಂಚಿನ ಕತ್ತಿ. ಅದರ ಅಲಗಿನ ಬುಡದಿಂದ ಕೋಲಿಗೆ ಒತ್ತಿಕೊಂಡು ಕೆಳಕ್ಕಿಳಿಯುವ ಭಾಗವೇ ‘ಹು’. ಅದರಲ್ಲಿ ರಂಧ್ರಗಳಿರುತ್ತವೆ, ಚರ್ಮದ ಪಟ್ಟಿ ಪೋಣಿಸಿ ಕೋಲಿಗೆ ಬಿಗಿಯಲು. ಕುಶಲಕರ್ಮಿಗಳಿಗಾಗಿ ಬರೆದ ಹಳೆಯ ಕೈಪಿಡಿಯಲ್ಲಿ ಇದರ ಲೆಕ್ಕವಿದೆ: ಅಲಗಿನ ಅಗಲ 2 ತ್ಸುನ್ (ಚೀನೀ ಅಂಗುಲ), ಕೋಲಿನ ಆಚೆ ಚಾಚುವ ಹಿಂತುದಿ ಅದರ ಎರಡರಷ್ಟು, ‘ಹು’ ಮೂರರಷ್ಟು, ಮುಂದಿನ ಅಲಗು ನಾಲ್ಕರಷ್ಟು. ಅಂದರೆ 2, 4, 6, 8. ‘ಹು’ ಗಿಡ್ಡವಾದರೆ ಕಟ್ಟು ಸಡಿಲಾಗಿ, ಎಳೆದ ಏಟಿಗೆ ಅಲಗು ಕಳಚಿಕೊಳ್ಳುತ್ತದೆ.

ಇದಲ್ಲದೆ ಪ್ರಾಚೀನ ಗದ್ಯ ಪದ್ಯಗಳಲ್ಲಿ ‘ಹು’ ಒಂದು ಪ್ರಶ್ನಾರ್ಥಕ. ‘ಯಾಕೆ’ ಎಂದು. ‘ಹು ಬು ಗುಯ್’ ಎಂದರೆ ‘ಯಾಕೆ ಮರಳಿ ಹೋಗಬಾರದು’. ಕ್ರಿಯಾಪದದ ಹಿಂದೆಯೋ ‘ಇಲ್ಲ’ ಎಂಬರ್ಥದ ಪದದ ಹಿಂದೆಯೋ ‘ಹು’ ಬಂದು ಬರಹ ಹಳೆಯದಾಗಿದ್ದರೆ, ಮೊದಲು ‘ಯಾಕೆ’ ಎಂದು ಓದಿ ನೋಡಬೇಕು. ಬಹುಪಾಲು ಅದೇ ಸರಿಹೋಗುತ್ತದೆ.

ಮನೆತನದ ಹೆಸರಾದ ‘ಹು’ಗೂ ಪರದೇಶಕ್ಕೂ ಸಂಬಂಧವಿಲ್ಲ. ಚೆನ್ ಎಂಬ ಸಣ್ಣ ರಾಜ್ಯದ ಮೂಲಪುರುಷನಿಗೆ ಸತ್ತ ಮೇಲೆ ಕೊಟ್ಟ ಗೌರವನಾಮ ‘ಹು’, ಅವನ ವಂಶದವರು ಅದನ್ನೇ ಮನೆತನದ ಹೆಸರಾಗಿ ಉಳಿಸಿಕೊಂಡರು ಎಂಬುದು ಸಾಂಪ್ರದಾಯಿಕ ವಿವರಣೆ. ತಮಾಷೆಯೆಂದರೆ, 496ರಲ್ಲಿ ಉತ್ತರ ವೇಯ್ ರಾಜ್ಯವನ್ನು ಆಳುತ್ತಿದ್ದ ಶಿಯಾನ್‌ಬೇಯ್ ಜನ ತಮ್ಮ ಹುಲ್ಲುಗಾವಲಿನ ಹೆಸರುಗಳನ್ನು ಬಿಟ್ಟು ಚೀನೀ ಹೆಸರು ಹಿಡಿಯಬೇಕೆಂದು ಅವರ ಚಕ್ರವರ್ತಿಯೇ ಆಜ್ಞೆ ಮಾಡಿದಾಗ, ಹೆಗು ಎಂಬ ಕುಲಕ್ಕೆ ದಕ್ಕಿದ ಹೆಸರು ‘ಹು’. ಚೀನೀಯರು ಯಾರನ್ನು ‘ಹು’ ಎನ್ನುತ್ತಿದ್ದರೋ ಅವರೇ ಚೀನೀಯರಾಗಲು ‘ಹು’ ಆದರು!

ಉತ್ತರದ ಕುದುರೆಯವರು

ಪರದೇಶಿ ಎಂಬರ್ಥದಲ್ಲಿ ‘ಹು’ ಗಟ್ಟಿಯಾಗಿ ಕಾಣಿಸಿಕೊಳ್ಳುವುದು ಕ್ರಿ.ಪೂ. 4ನೇ ಶತಮಾನದ ಹೊತ್ತಿಗೆ, ಉತ್ತರದ ಗಡಿಯಾಚೆ ಕುದುರೆ ಮೇಲೆ ಕೂತೇ ಬಾಣ ಬಿಡುವ ಜನರಿಗೆ. ಈ ಪದದ ಆಗಿನ ಉಚ್ಚಾರಣೆ ‘ಗಾ’ಕ್ಕೆ ಹತ್ತಿರವಿತ್ತೆಂದು ಭಾಷಾವಿಜ್ಞಾನಿಗಳು ಪುನರ್ರಚಿಸಿದ್ದಾರೆ. ಅದು ಆ ಜನರದ್ದೇ ಯಾವುದೋ ಹೆಸರನ್ನು ಕಿವಿಗೆ ಕೇಳಿದಂತೆ ಬರೆದದ್ದಿರಬಹುದು. ಅಕ್ಷರದಲ್ಲಿ ದನದ ಗಂಗೆದೊಗಲು ಇದೆಯೆಂದು ಅದರಲ್ಲಿ ಬೈಗುಳ ಹುಡುಕಬೇಕಿಲ್ಲ.

ಕ್ರಿ.ಪೂ. 307ರಲ್ಲಿ ಝಾವ್ ರಾಜ್ಯದ ದೊರೆ ವುಲಿಂಗ್ ತನ್ನ ಸೈನ್ಯಕ್ಕೆ ‘ಹು ಉಡುಪು, ಕುದುರೆಯೇರಿದ ಬಿಲ್ಗಾರಿಕೆ’ ಎಂಬ ಸುಧಾರಣೆ ತಂದ. ಆವರೆಗೆ ಝಾವ್ ಯೋಧರು ನೆಲ ಮುಟ್ಟುವ ನಿಲುವಂಗಿ, ಅಗಲ ತೋಳು ಹಾಕಿಕೊಂಡು ರಥದ ಮೇಲೆ ಕಾದುತ್ತಿದ್ದವರು. ಗುಡ್ಡಗಾಡಿನಲ್ಲಿ ರಥ ಸಿಕ್ಕಿಕೊಳ್ಳುತ್ತದೆ, ನಿಲುವಂಗಿ ತೊಟ್ಟು ಕುದುರೆಯ ಮೇಲೆ ಕಾಲಗಲಿಸಿ ಕೂರಲಾಗದು, ಅಗಲ ತೋಳು ಬಿಲ್ಲಿನ ಹೆದೆಗೆ ತಗಲುತ್ತದೆ. ಪರಿಹಾರ: ಷರಾಯಿ, ಗಿಡ್ಡ ಅಂಗಿ, ಕೊಕ್ಕೆಯಿರುವ ಸೊಂಟಪಟ್ಟಿ, ಬೂಟು. ದೊರೆಯ ಚಿಕ್ಕಪ್ಪನೇ ಕಾಯಿಲೆಯ ನೆಪ ಹೇಳಿ ಆಸ್ಥಾನಕ್ಕೆ ಬರಲಿಲ್ಲ; ಹಿರಿಯರ ಉಡುಪು ಬಿಟ್ಟು ಹೊರಗಿನವರದ್ದು ತೊಡುವುದು ಅವನಿಗೆ ಒಗ್ಗಲಿಲ್ಲ. ದೊರೆ ತಾನೇ ಅವನ ಮನೆಗೆ ಹೋಗಿ ಒಪ್ಪಿಸಬೇಕಾಯಿತು. ‘ಹು’ ಎಂದರೆ ಕೀಳು ಎಂದಷ್ಟೇ ತಿಳಿದವರು ಈ ಪ್ರಸಂಗವನ್ನು ಗಮನಿಸಬೇಕು. ಶತ್ರುವಿನ ಹೆಸರನ್ನೇ ಇಟ್ಟು ಅವನ ವಿದ್ಯೆಯನ್ನು ರಾಜಾಜ್ಞೆಯಿಂದ ತಂದುಕೊಂಡದ್ದು ಇದು.

ಮುಂದೆ ಚಿನ್ ಮತ್ತು ಹಾನ್ ರಾಜವಂಶಗಳ ಕಾಲದಲ್ಲಿ ‘ಹು’ ಎಂದರೆ ಬಹುಮಟ್ಟಿಗೆ ಶಿಯೋಂಗ್‌ನು ಎಂಬ ಹುಲ್ಲುಗಾವಲಿನ ಸಾಮ್ರಾಜ್ಯದವರು. ಕ್ರಿ.ಪೂ. 89ರಲ್ಲಿ ಅವರ ದೊರೆ ಹಾನ್ ಚಕ್ರವರ್ತಿಗೆ ಕಳಿಸಿದ ಪತ್ರವನ್ನು ಹಾನ್ ಇತಿಹಾಸ ದಾಖಲಿಸಿದೆ: ದಕ್ಷಿಣಕ್ಕೆ ದೊಡ್ಡ ಹಾನ್ ಇದೆ, ಉತ್ತರಕ್ಕೆ ಬಲಿಷ್ಠ ಹು ಇದೆ, ಹು ಎಂದರೆ ಆಕಾಶದ ಮುದ್ದಿನ ಮಗ. ಸ್ವಂತ ಪತ್ರದಲ್ಲಿ ಎದೆಯುಬ್ಬಿಸಿ ಹೇಳಿಕೊಂಡ ಹೆಸರು ಬೈಗುಳವಾಗಿರಲು ಸಾಧ್ಯವಿಲ್ಲ.

ಈ ಅಕ್ಷರದ ದ್ವಂದ್ವಾರ್ಥದಿಂದ ಒಂದು ಯುದ್ಧವೇ ನಡೆದ ಕಥೆಯೂ ಇದೆ. ಕ್ರಿ.ಪೂ. 215ರಲ್ಲಿ ಮೊದಲ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ಗೆ ಮಾಂತ್ರಿಕನೊಬ್ಬ ಭವಿಷ್ಯವಾಣಿ ತಂದುಕೊಟ್ಟ: ಚಿನ್ ಅನ್ನು ನಾಶ ಮಾಡುವುದು ‘ಹು’. ಚಕ್ರವರ್ತಿ ಸೇನಾಪತಿ ಮೆಂಗ್ ತಿಯಾನ್‌ನೊಂದಿಗೆ 3,00,000 ಸೈನಿಕರನ್ನು ಉತ್ತರಕ್ಕೆ ಅಟ್ಟಿದ. ಅವನ ಕಿರಿಯ ಮಗನ ಹೆಸರು ಹುಹಾಯ್. ಅದೇ ಅಕ್ಷರ. ಅಪ್ಪ ಸತ್ತ ಮೂರೇ ವರ್ಷದಲ್ಲಿ ರಾಜ್ಯ ಹಾಳು ಮಾಡಿದವನು ಅವನು. ಭವಿಷ್ಯವಾಣಿಯನ್ನು ಆಮೇಲೆ ಹೊಸೆದಿರಬಹುದು, ಆದರೆ ಆ ಕಾಲದವರಿಗೂ ಈ ಅಕ್ಷರ ಎರಡು ದಾರಿಯಲ್ಲಿ ಕೇಳಿಸುತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೂಗು, ಗಡ್ಡ, ಸಮರ್ಕಂಡ

ಹಾನ್ ಕಾಲ ಮುಗಿಯುತ್ತಾ ಬಂದಂತೆ ‘ಹು’ ಉತ್ತರದಿಂದ ಪಶ್ಚಿಮಕ್ಕೆ ವಾಲುತ್ತದೆ. 168ರಿಂದ 189ರವರೆಗೆ ಆಳಿದ ಚಕ್ರವರ್ತಿ ಲಿಂಗ್‌ಗೆ ಈ ಹುಚ್ಚು ಹಿಡಿದಿತ್ತು. ಇತಿಹಾಸಕಾರ ಒಂದೇ ವಾಕ್ಯದಲ್ಲಿ ಎಂಟು ಸಲ ‘ಹು’ ಬರೆದಿದ್ದಾನೆ: ಹು ಉಡುಪು, ಹು ಡೇರೆ, ಹು ಆಸನ, ಹು ಕೂರುವ ಭಂಗಿ, ಹು ಊಟ, ಹು ತಂತಿವಾದ್ಯ, ಹು ಕೊಳಲು, ಹು ಕುಣಿತ. ರಾಜಧಾನಿಯ ದೊಡ್ಡ ಮನೆಯವರೆಲ್ಲ ಪೈಪೋಟಿಗೆ ಬಿದ್ದು ಅನುಕರಿಸಿದರಂತೆ. ಇದರಲ್ಲಿ ‘ಹು ಆಸನ’ ಎಂದರೆ ಕಾಲುಗಳು ಕತ್ತರಿಯಂತೆ ಮಡಚಿಕೊಳ್ಳುವ ಪೀಠ. ನೆಲದ ಮೇಲೆ ಮಂಡಿಯೂರಿ ಕೂರುತ್ತಿದ್ದ ಚೀನೀಯರು ಕಾಲು ಇಳಿಬಿಟ್ಟು ಕೂರಲು ಶುರುಮಾಡಿದ್ದಕ್ಕೆ ಇದೂ ಒಂದು ದಾರಿ.

304ರಿಂದ 439ರವರೆಗೆ ಉತ್ತರ ಚೀನಾ ಚೂರುಚೂರಾಗಿ, ‘ಐದು ಹು’ ಎಂದು ಕರೆಸಿಕೊಂಡ ಶಿಯೋಂಗ್‌ನು, ಜಿಯೆ, ಶಿಯಾನ್‌ಬೇಯ್, ದಿ, ಚಿಯಾಂಗ್ ಜನರ ಅರಸರು ಒಬ್ಬರಾದ ಮೇಲೊಬ್ಬರು ಆಳಿದರು. ಅವರ ಭಾಷೆ, ಬದುಕು ಒಂದೇ ಅಲ್ಲ. ಐದನ್ನೂ ಕಟ್ಟಿ ಒಂದು ಗಂಟು ಮಾಡಿದ್ದು ಚೀನೀ ಲೇಖನಿ. ಜಿಯೆ ಜನರಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ 319ರಿಂದ 333ರವರೆಗೆ ಅರಸನಾಗಿ ಆಳಿದ ಶಿ ಲೆ ತನ್ನ ರಾಜ್ಯದಲ್ಲಿ ಈ ಪದವನ್ನೇ ನಿಷೇಧಿಸಿದ. ‘ಹು’ಗಳನ್ನು ‘ನಾಡಿನವರು’ ಎನ್ನಬೇಕೆಂದ. ಕೊತ್ತಂಬರಿಗಿದ್ದ ‘ಹುಸುಯ್’ ಎಂಬ ಹೆಸರು ‘ಪರಿಮಳದ ಸುಯ್’ ಆಯಿತು. ಅವನ ವಂಶ ಉರುಳಿದ ಮೇಲೆ, 349–350ರಲ್ಲಿ, ರಾನ್ ಮಿನ್ ಎಂಬ ಸೇನಾನಿ ‘ಹು’ಗಳನ್ನು ಕಂಡಲ್ಲಿ ಕೊಲ್ಲಲು ಆಜ್ಞೆ ಹೊರಡಿಸಿದ. 2,00,000ಕ್ಕೂ ಹೆಚ್ಚು ಜನ ಸತ್ತರೆಂದು ಇತಿಹಾಸ ಬರೆಯುತ್ತದೆ. ಮೂಗು ಎತ್ತರವಿದ್ದು ಗಡ್ಡ ದಟ್ಟವಾಗಿದ್ದವರು ಅನೇಕರು ತಪ್ಪಾಗಿ ಸತ್ತರೆಂಬ ಮಾತೂ ಅಲ್ಲೇ ಇದೆ. ‘ಹು’ ಎಂಬುದು ಕುಲದ ಹೆಸರಾಗಿ ಉಳಿಯದೆ ಮುಖಚಹರೆಯಾಗಿ ಬದಲಾದ ಗಳಿಗೆ ಇದು.

ತಾಂಗ್ ಕಾಲಕ್ಕೆ (618–907) ಬಂದರೆ ಆ ಚಹರೆ ಇನ್ನೂ ನಿಚ್ಚಳ. ಆಗ ‘ಹು’ ಎಂದರೆ ಮುಖ್ಯವಾಗಿ ಮಧ್ಯ ಏಷ್ಯಾದ ಸೊಗ್ದಿಯನರು: ಸಮರ್ಕಂಡ, ಬುಖಾರ, ತಾಷ್ಕೆಂಟ್ ಕಡೆಯ ಇರಾನೀ ನುಡಿಯ ವರ್ತಕರು. ಚೀನಾದಲ್ಲಿ ಅವರಿಗೆ ಊರಿನ ಮೇಲೆ ಮನೆತನದ ಹೆಸರು: ಸಮರ್ಕಂಡದವರು ಕಾಂಗ್, ಬುಖಾರದವರು ಆನ್, ತಾಷ್ಕೆಂಟಿನವರು ಶಿ, ಮೈಮುರ್ಗಿನವರು ಮಿ. ತಾಂಗ್ ದಾಖಲೆಯಲ್ಲಿ ಕಾಂಗ್ ಅಥವಾ ಆನ್ ಹೆಸರಿನವರು ಸಿಕ್ಕರೆ ಮೊದಲು ಆ ಕಡೆ ನೋಡಬೇಕು. ಉತ್ತರದ ತುರ್ಕರನ್ನು ಆಗ ಸಾಮಾನ್ಯವಾಗಿ ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಸಾವಿರ ವರ್ಷದ ಹಿಂದೆ ಉತ್ತರದವರಿಗಿದ್ದ ಪದ ಈಗ ಪಶ್ಚಿಮದವರ ಪಾಲಿಗೆ ಬಂದಿತ್ತು. ನಮ್ಮಲ್ಲಿ ‘ಯವನ’ ಗ್ರೀಕರಿಂದ ಹೊರಟು ಪಶ್ಚಿಮದಿಂದ ಬಂದವರನ್ನೆಲ್ಲ ಸುತ್ತಿಕೊಂಡ ಹಾಗೆಯೇ ಇದೂ.

ಈ ಕಾಲದಲ್ಲಿ ‘ಹು’ ಒಂದು ಶೋಕಿ. 841ರಲ್ಲಿ ಜಪಾನಿನ ಭಿಕ್ಷು ಎನ್ನಿನ್ ರಾಜಧಾನಿ ಚಾಂಗಾನ್‌ನಲ್ಲಿದ್ದಾಗ, ಚಕ್ರವರ್ತಿ ಮಠಗಳಿಗೆ ‘ಹು ರೊಟ್ಟಿ’ ಹಂಚಿದ್ದನ್ನೂ ಊರಲ್ಲೆಲ್ಲ ಅದನ್ನೇ ತಿನ್ನುತ್ತಿದ್ದುದನ್ನೂ ದಿನಚರಿಯಲ್ಲಿ ಬರೆದಿದ್ದಾನೆ. ಸೊಗ್ದಿಯನ್ ತಂದೆ, ತುರ್ಕಿ ತಾಯಿಯ ಮಗ ಆನ್ ಲುಶಾನ್ 300 ಜಿನ್ (ಚೀನೀ ತೂಕದ ಅಳತೆ) ಮೀರಿದ ದಢೂತಿ. ಆದರೂ ಚಕ್ರವರ್ತಿಯ ಮುಂದೆ ‘ಹು ಸುತ್ತುಕುಣಿತ’ವನ್ನು ಗಾಳಿಯಷ್ಟು ವೇಗವಾಗಿ ಕುಣಿಯುತ್ತಿದ್ದನಂತೆ. 755ರಲ್ಲಿ ಅವನೇ ಬಂಡೆದ್ದ; ಆ ದಂಗೆ ಸಾಮ್ರಾಜ್ಯವನ್ನು ಎಂಟು ವರ್ಷ ಅಲುಗಾಡಿಸಿತು. ಆಮೇಲೆ ‘ಹು’ ಪದದ ರುಚಿಯೇ ಕೆಟ್ಟಿತು. ರಾಜನಿಷ್ಠನಾಗಿದ್ದ ಆನ್ ಮನೆತನದ ಸೇನಾನಿಯೊಬ್ಬ ಬಂಡುಕೋರನ ಹೆಸರು ಹಂಚಿಕೊಳ್ಳಲು ನಾಚಿಕೆಯೆಂದು ಅರ್ಜಿ ಕೊಟ್ಟು, ‘ಲಿ’ ಎಂಬ ರಾಜಮನೆತನದ ಹೆಸರನ್ನೇ ಪಡೆದ.

ಭಾರತದವರು ‘ಹು’ಗಳೆ?

ನಮಗೆ ನೇರವಾಗಿ ತಾಗುವ ಭಾಗ ಇದು. ಬೌದ್ಧ ಗ್ರಂಥಗಳು ಮೊದಲು ಚೀನಾಕ್ಕೆ ಬಂದದ್ದು ಮಧ್ಯ ಏಷ್ಯಾದ ದಾರಿಯಿಂದ, ತಂದವರಲ್ಲಿ ಬಹಳ ಮಂದಿ ಅಲ್ಲಿಯವರೇ. ಹಾಗಾಗಿ ಮೂಲ ಪ್ರತಿಯನ್ನು ‘ಹು ಪ್ರತಿ’, ಅದರ ಭಾಷೆಯನ್ನು ‘ಹು ಭಾಷೆ’ ಎಂದರು. ಭಿಕ್ಷು ದಾವ್‌ಆನ್ (312–385) ಅನುವಾದದ ಕಷ್ಟಗಳನ್ನು ಪಟ್ಟಿಮಾಡಿದ ಪ್ರಸಿದ್ಧ ಮುನ್ನುಡಿಯಲ್ಲಿ ‘ಹುವನ್ನು ಚಿನ್ ಮಾಡುವಾಗ’ ಮೂಲ ಐದು ರೀತಿಯಲ್ಲಿ ಕೈತಪ್ಪುತ್ತದೆ ಎಂದಿದ್ದಾನೆ. ಅಲ್ಲಿ ‘ಹು’ ಎಂದರೆ ಭಾರತೀಯ ಮೂಲ, ‘ಚಿನ್’ ಎಂದರೆ ಚೀನೀ.

ಎರಡು ಶತಮಾನದ ಮೇಲೆ ಯಾನ್‌ತ್ಸುಂಗ್ (557–610) ಎಂಬ ಭಿಕ್ಷು ಇದಕ್ಕೆ ಸಿಟ್ಟಾದ. ಹುಗಳು ಬೆರಕೆ ಕುಲದವರು, ಭಾರತದವರು ಋಷಿಮೂಲದವರು, ಇಬ್ಬರನ್ನೂ ಒಂದೇ ಮಾಡಬಾರದು ಎಂದು ವಾದಿಸಿದ. ಭಾರತದ್ದಕ್ಕೆ ಅವನು ಬಯಸಿದ ಪದ ‘ಫಾನ್’. ಅದು ‘ಬ್ರಹ್ಮ’ ಶಬ್ದದ ಚೀನೀ ರೂಪ. ಅವನ ವಾದ ಗೆದ್ದಿತು. ಇಂದಿಗೂ ಚೀನೀ ಭಾಷೆಯಲ್ಲಿ ಸಂಸ್ಕೃತಕ್ಕೆ ‘ಫಾನ್ ಭಾಷೆ’ ಎಂದೇ ಹೆಸರು.

ಹ್ಯೂಯೆನ್‌ತ್ಸಾಂಗನಿಗೆ ಈ ಗಡಿ ಎಲ್ಲಿದೆಯೆಂಬುದೂ ಗೊತ್ತಿತ್ತು. 646ರ ಪ್ರವಾಸಗ್ರಂಥದಲ್ಲಿ ಅವನು ‘ಕರಿಬೆಟ್ಟ’ದವರೆಗಿನ ನಾಡುಗಳದ್ದೆಲ್ಲ ‘ಹು’ ನಡವಳಿಕೆ ಎನ್ನುತ್ತಾನೆ. ಕರಿಬೆಟ್ಟವನ್ನು ಹಿಂದೂಕುಷ್ ಶ್ರೇಣಿಯ ಭಾಗವೆಂದು ಗುರುತಿಸುತ್ತಾರೆ. ಅದನ್ನು ದಾಟಿದ ಮೇಲೆ ಭಾರತ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯನ್ನು ಅವನು ‘ಪುಲೋಕಿಶೆ’ ಎಂಬಂಥ ಉಚ್ಚಾರಣೆಯಲ್ಲಿ ಹೆಸರಿಸಿ, ಕ್ಷತ್ರಿಯನೆಂದು ಬರೆದಿದ್ದಾನೆ. ಅವನ ಪಾಲಿಗೆ ಕರ್ನಾಟಕದ ದೊರೆ ಪರದೇಶಿ ಹೌದು, ‘ಹು’ ಅಲ್ಲ.

ಇಲ್ಲೊಂದು ಗುಂಡಿ ಇದೆ. ‘ಫಾನ್’ ಗೆದ್ದ ಮೇಲೆ ಹಳೆಯ ಗ್ರಂಥಗಳನ್ನು ಮರುಮುದ್ರಿಸಿದವರು ಎಷ್ಟೋ ಕಡೆ ‘ಹು’ ಅಳಿಸಿ ‘ಫಾನ್’ ಕೆತ್ತಿದರು. 13ನೇ ಶತಮಾನದಲ್ಲಿ ಕೊರಿಯಾದಲ್ಲಿ ಕೆತ್ತಿದ ಮರದಚ್ಚುಗಳಲ್ಲಿ ‘ಹು’ ಉಳಿದಿರುವಲ್ಲಿ ಚೀನಾದ ಸೋಂಗ್, ಯುವಾನ್, ಮಿಂಗ್ ಮುದ್ರಣಗಳಲ್ಲಿ ‘ಫಾನ್’ ಕಾಣುವುದು ಸಾಮಾನ್ಯ. ತಿದ್ದಿದ ಪ್ರತಿ ನಂಬಿ ‘ದಾವ್‌ಆನ್ ಕಾಲದಲ್ಲೇ ಸಂಸ್ಕೃತ ಮೂಲಗಳಿದ್ದವು’ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಆಗ ಬಂದವುಗಳಲ್ಲಿ ಎಷ್ಟೋ ಪ್ರಾಕೃತದಲ್ಲಿದ್ದು, ಖರೋಷ್ಠಿ ಲಿಪಿಯಲ್ಲಿ ಬರೆದವಾಗಿರುವ ಸಾಧ್ಯತೆ ಇದೆ. ಹಳೆಯ ‘ಹು’ ಆ ಸುಳಿವನ್ನು ಉಳಿಸಿಕೊಂಡಿರುತ್ತದೆ, ಅಂದವಾದ ‘ಫಾನ್’ ಅಳಿಸಿಬಿಡುತ್ತದೆ.

ಅಡುಗೆಮನೆಯಲ್ಲಿ ಕಾಲ ಹೇಳುವ ಅಕ್ಷರ

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದರೆ ಸಾಕು, ಅವು ಯಾವ ಕಾಲದಲ್ಲಿ ಯಾರ ಜೊತೆ ನಮ್ಮ ಮನೆಗೆ ಬಂದವೆಂದು ಕನ್ನಡಿಗರಿಗೆ ಅಂದಾಜಾಗುತ್ತದೆ. ಚೀನೀ ಭಾಷೆಯಲ್ಲಿ ಇಂಥ ಮೂರು ‘ಸೀಮೆ’ಗಳಿವೆ. ‘ಹು’ ಇದ್ದರೆ ಬಹುಮಟ್ಟಿಗೆ ಹಳೆಯ ಸಾಮಾನು, ಮರುಭೂಮಿಯ ನೆಲದಾರಿಯದ್ದು: ಹುಮಾ (ಎಳ್ಳು), ಹುತಾವ್ (ಅಕ್ರೋಟು), ಹುಗ್ವಾ (ಸೌತೆ). ‘ಫಾನ್’ ಎಂದೇ ಕೇಳಿಸುವ ಆದರೆ ಬೇರೆ ಅಕ್ಷರದ, ಬೇರೆ ಸ್ವರದ ಇನ್ನೊಂದು ಪದವಿದ್ದರೆ ಬಹುಪಾಲು ಮಿಂಗ್ ಕಾಲದ (1368–1644) ಕೊನೆಗೆ ಕಡಲಿನಿಂದ ಬಂದ ಅಮೆರಿಕದ ಬೆಳೆ: ಟೊಮೇಟೊ, ಗೆಣಸು, ಸೀಬೆ, ಪರಂಗಿ, ಮೆಣಸಿನಕಾಯಿ. ‘ಯಾಂಗ್’ ಅಂದರೆ ಸಾಗರ ಎಂದಿದ್ದರೆ ಚಿಂಗ್ ಕಾಲದ್ದು (1644–1912): ಯಾಂಗ್ ಬೆಂಕಿ (ಬೆಂಕಿಪೆಟ್ಟಿಗೆ), ಯಾಂಗ್ ಬೂದಿ (ಸಿಮೆಂಟು), ಯಾಂಗ್ ಎಣ್ಣೆ. ಕೊನೆಯದು ಸಾಕ್ಷಾತ್ ನಮ್ಮ ಸೀಮೆಎಣ್ಣೆಯೇ!

ಈ ಲೆಕ್ಕ ಕೈಕೊಡುವ ಜಾಗಗಳೂ ಇವೆ. ಗಜ್ಜರಿ ‘ಹುಲ್ವೋಬೋ’, ಎಂದರೆ ಹು ಮೂಲಂಗಿ. ಆದರೆ ಅದು ಹಾನ್ ಕಾಲದ್ದಲ್ಲ. ಮಂಗೋಲರ ಯುವಾನ್ ಕಾಲದಲ್ಲಿ ಬಂತೆಂದು 16ನೇ ಶತಮಾನದ ವೈದ್ಯ ಲಿ ಶಿಝೆನ್ ಬರೆದಿದ್ದಾನೆ. ಇನ್ನೂ ಮೋಸದ್ದು ಮೆಂತ್ಯ. ಚೀನೀ ಗಂಧಿಗೆ ಅಂಗಡಿಯಲ್ಲಿ ಅದರ ಹೆಸರು ‘ಹುಲುಬಾ’. ನೋಡಿದರೆ ‘ಹು’ ಇದೆ, ಅರ್ಥದಲ್ಲಿ ಇಲ್ಲ: ಅರಬ್ಬಿಯ ‘ಹುಲ್ಬಾ’ವನ್ನು ಸದ್ದಿಗೆ ಹೊಂದುವ ಅಕ್ಷರಗಳಲ್ಲಿ ಬರೆದದ್ದು. ಬೀಜಿಂಗಿನ ಓಣಿ ‘ಹುಥೊಂಗ್’ ಕೂಡ ಮಂಗೋಲ್ ಮೂಲದ ಸದ್ದು ಎಂಬುದೇ ಹೆಚ್ಚಿನವರ ಅಭಿಪ್ರಾಯ. ಇವನ್ನೆಲ್ಲ ಹಾನ್ ರಾಯಭಾರಿ ಝಾಂಗ್ ಚಿಯಾನ್ ಕ್ರಿ.ಪೂ. 2ನೇ ಶತಮಾನದಲ್ಲಿ ತಂದನೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ವಿದ್ವಾಂಸ ಬರ್ತೋಲ್ಡ್ ಲಾಫರ್ 1919ರಲ್ಲೇ ಅದನ್ನು ಬಿಡಿಸಿ ನೋಡಿ, ಹಳೆಯ ದಾಖಲೆ ಆ ಕಾಲದ ಪಶ್ಚಿಮದ ಸಂಪರ್ಕಕ್ಕೆ ಜೋಡಿಸುವುದು ದ್ರಾಕ್ಷಿ ಮತ್ತು ಕುದುರೆಮೆಂತೆ ಎರಡನ್ನೇ ಎಂದು ತೋರಿಸಿದ.

ಸೌತೆಕಾಯಿಯ ಹೆಸರು ಬದಲಾದದ್ದರ ಬಗ್ಗೆಯೂ ಹೀಗೇ ಗೊಂದಲ. ಈಗ ಅದು ‘ಹ್ವಾಂಗ್‌ಗ್ವಾ’, ಹಳದಿ ಕಾಯಿ. ಬದಲಿಸಿದ್ದು ಶಿ ಲೆ ಎಂದು ಜನಪ್ರಿಯ ಕಥೆ. ಆದರೆ ತಾಂಗ್ ಚಕ್ರವರ್ತಿ ತೈಝೊಂಗ್ ಆಡಿದ ಮಾತು ದಾಖಲಾಗಿದೆ: ಹುಗಳೆಂದರೆ ಆಗದ ಸುಯಿ ಚಕ್ರವರ್ತಿ ಯಾಂಗ್ (604–618) ‘ಹು ಆಸನ’ವನ್ನು ‘ಕತ್ತರಿ ಆಸನ’, ‘ಹುಗ್ವಾ’ವನ್ನು ‘ಹ್ವಾಂಗ್‌ಗ್ವಾ’ ಮಾಡಿದ, ಆದರೂ ಕೊನೆಗೆ ಕೊಲೆಯಾದ ಎಂದು ಅವನ ವ್ಯಂಗ್ಯ. ಶಿ ಲೆ ಬದಲಿಸಿದ್ದು ಕೊತ್ತಂಬರಿಯನ್ನು, ಸೌತೆ ಯಾಂಗ್‌ನ ಪಾಲಿನದು ಎನ್ನುವುದೇ ಸರಿಯೆನಿಸುತ್ತದೆ.

ಕಾಳುಮೆಣಸಿನದು ಬೇರೆಯೇ ವಿಚಿತ್ರ. ಅದು ಬೆಳೆಯುವುದು ನಮ್ಮ ಪಶ್ಚಿಮಘಟ್ಟದಲ್ಲಿ, ಸಮರ್ಕಂಡದಲ್ಲಲ್ಲ. ಮತ್ತೆ ‘ಹು’ ಯಾಕೆ? 9ನೇ ಶತಮಾನದ ಲೇಖಕ ದುವಾನ್ ಚೆಂಗ್‌ಶಿ ಉತ್ತರ ಕೊಟ್ಟಿದ್ದಾನೆ: ಇದು ಮಗಧದ್ದು, ಅಲ್ಲಿ ಇದಕ್ಕೆ ‘ಮೆಯ್‌ಲುಝಿ’ ಎನ್ನುತ್ತಾರೆ, ನಮ್ಮವರು ಹು ಶೈಲಿಯ ಮಾಂಸದಡುಗೆಗೆ ಇದನ್ನು ಹಾಕುತ್ತಾರೆ. ‘ಮೆಯ್‌ಲುಝಿ’ ಸಂಸ್ಕೃತದ ‘ಮರೀಚ’. ಮಗಧ ಎಂದದ್ದು ತಪ್ಪು, ಮಾರುಕಟ್ಟೆಯ ಊರನ್ನೇ ಬೆಳೆಯುವ ಊರು ಎಂದುಕೊಂಡಿರಬೇಕು. ಅಂದರೆ ಹೆಸರು ಬಂದದ್ದು ಬಳ್ಳಿಯ ಊರಿನಿಂದಲ್ಲ, ಅದು ಬೀಳುತ್ತಿದ್ದ ಪಾತ್ರೆಯಿಂದ. ಆಗ ಅದು ಎಂಥ ಐಶ್ವರ್ಯ ಎಂದರೆ, 777ರಲ್ಲಿ ಭ್ರಷ್ಟಾಚಾರಕ್ಕಾಗಿ ಮರಣದಂಡನೆಗೊಳಗಾದ ಮಂತ್ರಿ ಯುವಾನ್ ಝಾಯ್‌ನ ಮನೆ ಜಪ್ತಿ ಮಾಡಿದಾಗ 800 ಶಿ ಅಳತೆಯ ಕಾಳುಮೆಣಸು ಸಿಕ್ಕಿತು. 15ನೇ ಶತಮಾನದಲ್ಲಿ ಚೀನೀ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೆ ಬರುವ ಹೊತ್ತಿಗೆ ಚೀನಾದಲ್ಲಿ ಅದು ಎಷ್ಟು ತುಂಬಿತ್ತೆಂದರೆ ಅಧಿಕಾರಿಗಳ ಸಂಬಳದ ಒಂದು ಪಾಲನ್ನು ಮೆಣಸಿನಲ್ಲೇ ಕೊಟ್ಟರು. ಕಡಲಿನಿಂದ ಬಂದರೂ ನೆಲದಾರಿಯ ‘ಹು’ ಬಿಡಲಿಲ್ಲ.

ವಾದ್ಯದ ಮಾತು ಚಿಕ್ಕದು. ‘ಹುಚಿನ್’ ತಾಂಗ್ ಕಾಲದಲ್ಲಿ ಮೀಟುವ ವಾದ್ಯಗಳಿಗೂ ಇದ್ದ ಹೆಸರು. 11ನೇ ಶತಮಾನದ ವಿದ್ವಾಂಸ ಶೆನ್ ಕುವೊ ‘ಕುದುರೆಬಾಲದ ಹುಚಿನ್’ ಎನ್ನುವಾಗ ಕಮಾನಿನ ವಾದ್ಯ ಬಂದಾಗಿದೆ. ಇಂದಿನ ಎರ್‌ಹು ಎಂದರೆ ಎರಡು ತಂತಿಯ ಹು. ಈಗ ಅದಕ್ಕಿಂತ ಚೀನೀ ವಾದ್ಯ ಇನ್ನೊಂದಿಲ್ಲ ಎನ್ನುತ್ತಾರೆ.

ನೆರೆನಾಡುಗಳಿಗೂ ಈ ಅಕ್ಷರ ಹೋಯಿತು. ಜಪಾನಿನಲ್ಲಿ ಅದು ಮೂರು ಕಾಲದ ಮೂರು ಉಚ್ಚಾರಣೆಯಲ್ಲಿ ಉಳಿದಿದೆ: ಎಳ್ಳಿಗೆ ‘ಗೊಮಾ’, ಕಾಳುಮೆಣಸಿಗೆ ‘ಕೊಶೋ’, ಅನುಮಾನಾಸ್ಪದ ಎನ್ನಲು ‘ಉಸಾನ್‌ಕುಸಾಯ್’. ವಿಯೆಟ್ನಾಮಿನಲ್ಲಿ ಹೋ ಚಿ ಮಿನ್ ಅವರ ‘ಹೋ’ ಇದೇ. ಕೊರಿಯಾದಲ್ಲಿ 1627 ಮತ್ತು 1636ರ ಮಂಚು ದಾಳಿಗಳಿಗೆ ‘ಹೊರಾನ್’, ಹು ದಾಂಧಲೆ, ಎಂದು ಹೆಸರು. ಮುಂದೆ ಚೀನೀ ವಲಸಿಗರು ಅಲ್ಲಿ ಮಾರಿದ ಸಿಹಿರೊಟ್ಟಿ ‘ಹೊತ್ತೊಕ್’ ಆಯಿತು. ಪದ ಹುಟ್ಟಿಸಿದವರ ತಲೆಗೇ ಅದು ಸುತ್ತಿಕೊಂಡಿತು.

ಬಾಯಿಗೆ ಬಂದಂತೆ, ಮತ್ತು ಅಳಿಸಿದ ಅಕ್ಷರ

ಇವತ್ತಿನ ಮಾತಿನಲ್ಲಿ ‘ಹು’ ಕ್ರಿಯಾಪದದ ಹಿಂದೆ ಬಂದರೆ ಅಡ್ಡಾದಿಡ್ಡಿ, ಮನಬಂದಂತೆ ಎಂದರ್ಥ. ‘ಹುಶುವೊ’ ಎಂದರೆ ಅಸಂಬದ್ಧ ಮಾತು, ‘ಹುನಾವ್’ ಎಂದರೆ ದಾಂಧಲೆ. 12ನೇ ಶತಮಾನದ ತತ್ತ್ವಜ್ಞಾನಿ ಝು ಶಿಯ ಪಾಠಗಳನ್ನು ಶಿಷ್ಯರು ಬರೆದಿಟ್ಟ ಟಿಪ್ಪಣಿಗಳಲ್ಲೇ ‘ಹುಶುವೊ’ ಇದೆ. ಪರದೇಶಿಗಳ ಮಾತು ತಿಳಿಯದ್ದರಿಂದ ಈ ಅರ್ಥ ಬಂತೆಂದು ಬಹಳ ಕಡೆ ಖಚಿತವಾಗಿ ಬರೆಯುತ್ತಾರೆ. ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. ‘ಗೊಂದಲ’, ‘ಮಬ್ಬು’ ಎಂಬರ್ಥದ ಸದ್ದು ಹೋಲುವ ಬೇರೆ ಪದಗಳೂ ಆ ಭಾಷೆಯಲ್ಲಿವೆ. ಗಡ್ಡಕ್ಕೆ ‘ಹುಝಿ’ ಎಂದದ್ದು ಗಡ್ಡದ ಪರದೇಶಿಗಳಿಂದ ಎಂಬ ಮಾತಿಗೂ ಇದೇ ಎಚ್ಚರಿಕೆ. ಗಡ್ಡಕ್ಕೆ ಮೊದಲು ಕೂದಲಿನ ಗುರುತಿದ್ದ ಬೇರೆ ಅಕ್ಷರವೇ ಇತ್ತು. ಕಳೆದ ಶತಮಾನದ ಲಿಪಿ ಸರಳೀಕರಣದಲ್ಲಿ ಅದನ್ನು ಈ ‘ಹು’ಗೆ ಸೇರಿಸಿದರು. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಎರಡೂ ಬೇರೆಬೇರೆ.

ಅನುವಾದಕರು ಎಲ್ಲ ಕಡೆ ‘ಹು’ವನ್ನು ‘ಮ್ಲೇಚ್ಛ’ ಎಂಬಂಥ ಪದದಿಂದ ತುಂಬಿಸುವುದು ಸೋಮಾರಿತನ. ಚೀನೀಯರ ನಾಲ್ಕು ದಿಕ್ಕಿನ ಅನ್ಯರಿಗೆ ಯಿ, ಮಾನ್, ರೊಂಗ್, ದಿ ಎಂಬ ಪದಗಳಿದ್ದವು, ‘ಹು’ ಆ ಪಟ್ಟಿಯದ್ದಲ್ಲ. 1858ರ ತಿಯೆನ್‌ಜಿನ್ ಒಪ್ಪಂದದ 51ನೇ ಕಲಮಿನಲ್ಲಿ ಬ್ರಿಟಿಷರು ಸರ್ಕಾರಿ ಕಾಗದಪತ್ರಗಳಲ್ಲಿ ತಮ್ಮ ಮೇಲೆ ಬಳಸಬಾರದೆಂದು ಬರೆಸಿಕೊಂಡದ್ದು ‘ಯಿ’ಯನ್ನು. ಹಾನ್ ಬರಹದಲ್ಲಿ ಶಿಯೋಂಗ್‌ನು ಎಂದೂ ತಾಂಗ್ ಬರಹದಲ್ಲಿ ಸೊಗ್ದಿಯನ್ ಅಥವಾ ಮಧ್ಯ ಏಷ್ಯಾದವರು ಎಂದೂ ಬರೆದರೆ ಓದುಗನಿಗೆ ಉಪಯೋಗ. ಹಗೆತನ ನಿಜವಾಗಿ ಇದ್ದಲ್ಲಿ ಪಕ್ಕದ ಪದವೇ ಹೇಳುತ್ತದೆ: ‘ಹುಲು’ ಎಂದು ‘ಸೆರೆಯಾಳು’ ಎಂಬ ಪದ ಅಂಟಿಕೊಂಡಿದ್ದರೆ ಅದು ಬೈಗುಳವೇ. 1367ರಲ್ಲಿ ಮಂಗೋಲರ ವಿರುದ್ಧ ಮಿಂಗ್ ವಂಶದ ಸ್ಥಾಪಕ ಝು ಯುವಾನ್‌ಝಾಂಗ್ ಹೊರಡಿಸಿದ ಘೋಷಣೆಯಲ್ಲಿ ಓಡಿಸಬೇಕೆಂದದ್ದು ಈ ‘ಹುಲು’ಗಳನ್ನು. 1905ರಲ್ಲಿ ಕ್ರಾಂತಿಕಾರಿ ಸುನ್ ಯಾತ್‌ಸೆನ್ ಅವರ ಸಂಘಟನೆ ಅದೇ ಘೋಷಣೆಯನ್ನು ಮಂಚುಗಳತ್ತ ತಿರುಗಿಸಿದಾಗ ‘ಹು’ ಬಿಟ್ಟು ತಾತಾರ್ ಎಂಬರ್ಥದ ‘ದಾ’ ಹಾಕಿಕೊಂಡಿತು.

ಮಂಚುಗಳ ಚಿಂಗ್ ಆಳ್ವಿಕೆಯಲ್ಲಿ ಮುದ್ರಕರು ಭಯದಿಂದ ‘ಹು’ ಇದ್ದಲ್ಲಿ ಜಾಗ ಖಾಲಿ ಬಿಡುತ್ತಿದ್ದರು. 1733ರಲ್ಲಿ ಚಕ್ರವರ್ತಿ ಯೊಂಗ್‌ಝೆಂಗ್ ಇದನ್ನೇ ಅವಮಾನವೆಂದು ಗದರಿಸಿದ: ಖಾಲಿ ಬಿಡುವುದೆಂದರೆ ನಮ್ಮನ್ನು ಹು ಎಂದು ಒಪ್ಪಿದಂತಲ್ಲವೆ ಎಂದು. ಆದರೂ ಅವನ ಮಗನ ಕಾಲದಲ್ಲಿ, 1773ರಿಂದ ಸಂಕಲಿಸಿದ ‘ಸಿಕು ಚುವಾನ್‌ಶು’ ಎಂಬ ಬೃಹತ್ ಗ್ರಂಥಮಾಲೆಯಲ್ಲಿ ಅಳಿಸುವ ಕೆಲಸ ನಡೆದೇ ನಡೆಯಿತು. ಸೋಂಗ್ ಸೇನಾನಿ ಯುಯೆ ಫೇ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಯದಲ್ಲಿ ‘ಹುಲು’ವೂ ಇಲ್ಲ, ಮುಂದಿನ ಸಾಲಿನ ಶಿಯೋಂಗ್‌ನುವೂ ಇಲ್ಲ, ಛಂದಸ್ಸಿಗೆ ಹೊಂದುವ ಬೇರೆ ಪದಗಳನ್ನು ತುಂಬಿದ್ದಾರೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಚೀನೀ ಗ್ರಂಥಗಳಲ್ಲಿ ಬಹಳಷ್ಟಕ್ಕೆ ಆಧಾರ ಇದೇ ಗ್ರಂಥಮಾಲೆ. ಸೋಂಗ್ ಅಥವಾ ಮಿಂಗ್ ಲೇಖಕನೊಬ್ಬ ಉತ್ತರದವರ ಬಗ್ಗೆ ಬರೆದ ಪ್ರತಿಯಲ್ಲಿ ಒಂದೂ ‘ಹು’ ಕಾಣದಿದ್ದರೆ, ಲೇಖಕ ಸೌಮ್ಯ ಸ್ವಭಾವದವನೆಂದು ಬರೆಯುವ ಮೊದಲು 1773ಕ್ಕಿಂತ ಹಿಂದಿನ ಮುದ್ರಣವೊಂದನ್ನು ತೆರೆದು ಅದೇ ಸಾಲು ನೋಡಬೇಕು.